ಪುಟ್ಟಕ್ಕ, ಕಶಫ್ ಮತ್ತು ಮುಗಿಯದ ಕತೆ: ಧಾರಾವಾಹಿಯನ್ನು ಓದುವ ಬಗೆ

ವ್ಯವಹಾರ ಅಧ್ಯಯನದ ತರಗತಿಯಲ್ಲಿ ಜಾಹೀರಾತಿನ ಪಾಠ ನಡೆಯುತ್ತಿದ್ದಾಗ ನಮ್ಮ ಸರ್ ಒಂದು ಪ್ರಶ್ನೆ ಕೇಳಿದರು. "ರಾತ್ರಿ ಟಿವಿಯಲ್ಲಿ ಧಾರಾವಾಹಿ ಬರುತ್ತದಲ್ಲ, ಅಲ್ಲಿ ಮಾರುವವರು ಯಾರು, ಕೊಳ್ಳುವವರು ಯಾರು, ಸರಕು ಯಾವುದು?" ನಾವೆಲ್ಲ ಒಂದೇ ದನಿಯಲ್ಲಿ ಉತ್ತರ ಕೊಟ್ಟೆವು: ಮಾರುವುದು ಚಾನೆಲ್, ಕೊಳ್ಳುವುದು ನಾವು, ಸರಕು ಧಾರಾವಾಹಿ. ಸರ್ ನಕ್ಕು, "ನಿನ್ನೆಯ ಕಂತಿಗೆ ನೀವು ಎಷ್ಟು ದುಡ್ಡು ಕೊಟ್ಟಿರಿ?" ಎಂದರು. ಹಿಂದಿನ ಬೆಂಚಿನಿಂದ ಒಬ್ಬಳು "ಕೇಬಲ್ ಬಿಲ್ ಸರ್" ಎಂದಳು. ಉತ್ತರ ಪೂರ್ತಿಯಾಗುವ ಮೊದಲೇ ಬೆಲ್ ಹೊಡೆಯಿತು. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಕಾಲೇಜಿನಲ್ಲಿ ಧಾರಾವಾಹಿಯ ಮಾತೆತ್ತಿದರೆ ಹಿರಿಯರು ಹೇಳುವುದು ಒಂದೇ: ಸಮಯ ಹಾಳು. ಪರೀಕ್ಷೆ ಹತ್ತಿರ ಬಂದಾಗ ನನಗೂ ಹಾಗೆಯೇ ಅನಿಸುತ್ತದೆ. ಆದರೆ ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನನ್ನ ಆಪಾ (ಅಕ್ಕ) ಪಿಯುಸಿ ಮುಗಿಸಿ ಬಿ.ಕಾಂ. ಸೇರಬೇಕೋ, ಬಂದ ಸಂಬಂಧಕ್ಕೆ ಹೂಂ ಅನ್ನಬೇಕೋ ಎಂಬ ಮಾತು ನಡೆದಾಗ, ವಾದ ಮಾಡಿದವರೆಲ್ಲ ಉದಾಹರಣೆ ತೆಗೆದದ್ದು ಧಾರಾವಾಹಿಗಳಿಂದಲೇ. ಒಂದೇ ಕತೆಯನ್ನು ಹಿಡಿದು ನಾಲ್ಕು ಜನ ನಾಲ್ಕು ಕಡೆಗೆ ಎಳೆದರು. ಅಂದ ಮೇಲೆ ಇದನ್ನು ಬರೀ ಟೈಮ್‌ಪಾಸ್ ಎಂದು ತಳ್ಳಿಹಾಕುವುದು ಸರಿಯಲ್ಲ ಎಂದು ಆಗಲೇ ಅನಿಸಿತ್ತು. ಕತೆಗಳನ್ನು ಬಿಡಿಸಿ ನೋಡಲು ಪಂಡಿತರು ಮಾಡಿಟ್ಟ ಕೆಲವು ಸಿದ್ಧಾಂತಗಳಿವೆ. ಅವು ದೊಡ್ಡ ದೊಡ್ಡ ಹೆಸರುಗಳು, ಆದರೆ ವಿಷಯ ಅಷ್ಟು ಕಷ್ಟವಲ್ಲ. ನಮ್ಮ ಮನೆಯಲ್ಲಿ ನೋಡಿದ ಎರಡು ಧಾರಾವಾಹಿಗಳ ಮೇಲೆ ಅವುಗಳನ್ನು ಇಟ್ಟು ನೋಡುವುದೇ ಈ ಲೇಖನದ ಕೆಲಸ.

ಒಂದೇ ಬೀಜ, ಎರಡು ಗಿಡ

ಮೊದಲನೆಯದು ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು'. 2021ರ ಡಿಸೆಂಬರ್‌ನಲ್ಲಿ ಶುರುವಾಯಿತು. 'ರಾಧಮ್ಮ ಕೂತುರು' ಎಂಬ ತೆಲುಗು ಧಾರಾವಾಹಿಯ ಕನ್ನಡ ರೂಪ ಇದು. ಉಮಾಶ್ರೀ ಅವರು ಪುಟ್ಟಕ್ಕ. ಮೂವರೂ ಹೆಣ್ಣು ಮಕ್ಕಳಾದರು ಎಂದು ಗಂಡ ಗೋಪಾಲಯ್ಯ ಅವಳನ್ನು ಬಿಟ್ಟು ರಾಜೇಶ್ವರಿಯನ್ನು ಕಟ್ಟಿಕೊಂಡಿದ್ದಾನೆ. ಪುಟ್ಟಕ್ಕ ಊರಲ್ಲಿ ಮೆಸ್ ನಡೆಸಿ ಸಹನಾ, ಸ್ನೇಹಾ, ಸುಮಾ ಎಂಬ ಮೂವರನ್ನು ಸಾಕುತ್ತಾಳೆ. ನಡುವಿನವಳು ಸ್ನೇಹಾ, ದೊಡ್ಡ ಅಧಿಕಾರಿಯಾಗಬೇಕು ಎಂಬುದು ಅವಳ ಗುರಿ. ಬಡ್ಡಿ ವ್ಯವಹಾರದ ಬಂಗಾರಮ್ಮನ ಮಗ ಕಂಠಿ ಅವಳ ಹಿಂದೆ ಬೀಳುತ್ತಾನೆ, ಮುಂದೆ ಮದುವೆಯೂ ಆಗುತ್ತದೆ.

ಎರಡನೆಯದು ಪಾಕಿಸ್ತಾನದ ಹಮ್ ಟಿವಿಯ 'ಜಿಂದಗಿ ಗುಲ್ಜಾರ್ ಹೈ'. ಬರೆದವರು ಉಮೇರಾ ಅಹ್ಮದ್, ನಿರ್ದೇಶಿಸಿದವರು ಸುಲ್ತಾನಾ ಸಿದ್ದಿಕಿ. ಅಲ್ಲಿ 2012ರ ನವೆಂಬರ್‌ನಿಂದ 2013ರ ಮೇವರೆಗೆ ಬಂತು. ನಮ್ಮ ದೇಶದಲ್ಲಿ 2014ರಲ್ಲಿ ಜಿಂದಗಿ ಚಾನೆಲ್ ಶುರುವಾದಾಗ ತೋರಿಸಿದ ಮೊದಮೊದಲ ನಾಟಕಗಳಲ್ಲಿ ಇದೂ ಒಂದು. ಇಲ್ಲಿ ರಾಫಿಯಾ ಎಂಬ ತಾಯಿ ಶಿಕ್ಷಕಿ. ಅವಳಿಗೂ ಮೂವರು ಹೆಣ್ಣು ಮಕ್ಕಳು. ಗಂಡು ಮಗ ಬೇಕೆಂದು ಗಂಡ ಮುರ್ತಜಾ ಇನ್ನೊಂದು ಮದುವೆಯಾಗಿ ಇವರನ್ನು ಬಿಟ್ಟಿದ್ದಾನೆ. ಹಿರಿಯ ಮಗಳು ಕಶಫ್ ವಿದ್ಯಾರ್ಥಿವೇತನದ ಮೇಲೆ ಶ್ರೀಮಂತರ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ, ನಮ್ಮ ಯುಪಿಎಸ್‌ಸಿಯಂಥ ಅಲ್ಲಿನ ಪರೀಕ್ಷೆ ಪಾಸು ಮಾಡಿ ಅಧಿಕಾರಿಯಾಗುತ್ತಾಳೆ, ತನ್ನ ಜೊತೆ ಓದಿದ ಶ್ರೀಮಂತ ಹುಡುಗ ಜಾರೂನ್‌ನನ್ನು ಮದುವೆಯಾಗುತ್ತಾಳೆ.

ಈ ಎರಡನ್ನೂ ಒಂದರ ಪಕ್ಕ ಒಂದು ಬರೆದು ನೋಡಿದಾಗ ನನಗೇ ಆಶ್ಚರ್ಯವಾಯಿತು. ಭಾಷೆ ಬೇರೆ, ದೇಶ ಬೇರೆ, ಧರ್ಮ ಬೇರೆ. ಆದರೆ ಬಿಟ್ಟುಹೋದ ಅಪ್ಪ, ದುಡಿಯುವ ಅಮ್ಮ, ಮೂರು ಹೆಣ್ಣು, ಒಂದು ಪರೀಕ್ಷೆ, ಒಬ್ಬ ಸಿರಿವಂತ ಹುಡುಗ, ಎಲ್ಲ ಒಂದೇ. ನಕಲು ಎನ್ನಬೇಡಿ. ಗಂಡು ಮಗ ಬೇಕೆಂಬ ಆಸೆ ಗಡಿಯ ಎರಡೂ ಕಡೆ ಮನೆ ಮನೆಯಲ್ಲಿರುವಾಗ ಕತೆ ಬೇರೆಯಾಗುವುದು ಹೇಗೆ?

ಬಲ್ಗೇರಿಯಾದಲ್ಲಿ ಹುಟ್ಟಿ ಫ್ರಾನ್ಸ್‌ನಲ್ಲಿ ನೆಲೆಸಿದ ತ್ಸ್ವೆತಾನ್ ತೊಡೊರೊವ್ ಎಂಬ ವಿದ್ವಾಂಸರು ಕತೆಯ ಅಸ್ಥಿಪಂಜರವನ್ನು ಹೀಗೆ ಹೇಳುತ್ತಾರೆ: ಮೊದಲು ಎಲ್ಲ ಸಮತೋಲನದಲ್ಲಿರುತ್ತದೆ, ಏನೋ ಒಂದು ಬಂದು ಅದನ್ನು ಕದಡುತ್ತದೆ, ಕದಡಿದ್ದು ಪಾತ್ರಗಳ ಅರಿವಿಗೆ ಬರುತ್ತದೆ, ಸರಿಪಡಿಸಲು ಯತ್ನ ನಡೆಯುತ್ತದೆ, ಕೊನೆಗೆ ಹೊಸದೊಂದು ಸಮತೋಲನ ಬರುತ್ತದೆ. ಹೊಸ ಸಮತೋಲನ ಹಳೆಯದರ ಹಾಗೆಯೇ ಇರುವುದಿಲ್ಲ ಎಂಬುದನ್ನು ಗಮನಿಸಿ. ಲೆಕ್ಕಶಾಸ್ತ್ರ ಓದುವ ನಮಗೆ ಇದು ಸುಲಭ. ಆರಂಭದ ಶಿಲ್ಕು, ವರ್ಷದ ವ್ಯವಹಾರ, ಕೊನೆಯ ಶಿಲ್ಕು. ಎರಡೂ ಬದಿ ಕೂಡಿದರೆ ಸಮ ಬರುತ್ತದೆ, ಆದರೆ ಕೊನೆಯ ಶಿಲ್ಕು ಆರಂಭದ್ದಲ್ಲ.

ಕಶಫ್‌ಳ ಕತೆ ಈ ಅಚ್ಚಿನಲ್ಲಿ ಚೆನ್ನಾಗಿ ಕೂಡುತ್ತದೆ. ಒಂದು ವಿಶೇಷ ಮಾತ್ರ ಇದೆ: ಅವಳ ಬದುಕು ಕದಡಿದ್ದು ನಾಟಕ ಶುರುವಾಗುವ ಮೊದಲೇ. ನಾವು ಒಳಗೆ ಬರುವಾಗ ಅಪ್ಪ ಬಿಟ್ಟುಹೋಗಿ ವರ್ಷಗಳಾಗಿವೆ. ಹಾಗಾಗಿ ಅವಳು ಹುಡುಕುವುದು ಕಳೆದುಕೊಂಡ ಸಮತೋಲನವನ್ನಲ್ಲ, ತಾನು ಎಂದೂ ಕಾಣದ ಒಂದನ್ನು. ಡೈರಿಯಲ್ಲಿ ಅವಳು ದೇವರೊಡನೆ ಜಗಳವಾಡುತ್ತಾಳೆ, ನನಗೇ ಯಾಕೆ ಹೀಗೆ ಎಂದು ಕೇಳುತ್ತಾಳೆ. ಅಮ್ಮಿ ಇಂಥ ಕಡೆಯಲ್ಲೆಲ್ಲ "ನಾಶುಕ್ರಿ" (ಕೃತಜ್ಞತೆ ಇಲ್ಲದವಳು) ಎಂದು ಗೊಣಗುತ್ತಿದ್ದರು. ಕೊನೆಗೆ ಕಶಫ್ ತಲುಪುವ ಹೊಸ ಸಮತೋಲನ ಬರೀ ಮದುವೆಯಲ್ಲ. ಬದುಕು ಹೂದೋಟ ಎಂದು ಒಪ್ಪುವ ಮನಸ್ಸು. ನಾಟಕದ ಹೆಸರೇ ಅದು. 26 ಕಂತಿನಲ್ಲಿ ಲೆಕ್ಕ ಮುಗಿಯಿತು.

ಪುಟ್ಟಕ್ಕನ ಮನೆಯಲ್ಲಿ ಹಾಗಲ್ಲ. ಸ್ನೇಹಾ ಜಿಲ್ಲಾಧಿಕಾರಿ ಆದಳು. ತೊಡೊರೊವ್ ಪ್ರಕಾರ ಕತೆ ಅಲ್ಲಿಗೆ ಮುಗಿಯಬೇಕಿತ್ತು. ಹೆಣ್ಣು ಹೆತ್ತಳೆಂದು ಬಿಟ್ಟುಹೋದವನ ಮುಂದೆ ಆ ಹೆಣ್ಣೇ ಜಿಲ್ಲೆ ಆಳಿದರೆ ಅದಕ್ಕಿಂತ ದೊಡ್ಡ ಮುಕ್ತಾಯ ಯಾವುದಿದೆ? ಆದರೆ ಧಾರಾವಾಹಿ ಮುಂದುವರಿಯಿತು. ಯಾಕೆ ಎಂಬ ಪ್ರಶ್ನೆಗೆ ತೊಡೊರೊವ್ ಬಳಿ ಉತ್ತರವಿಲ್ಲ. ಅದಕ್ಕೆ ನಮ್ಮ ಸರ್ ಕೇಳಿದ ಪ್ರಶ್ನೆಗೇ ಹೋಗಬೇಕು. ಸ್ವಲ್ಪ ತಾಳಿ, ಬರುತ್ತೇನೆ.

ಖಳ ಯಾರು?

ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಜನಪದ ಕತೆಗಳನ್ನು ಬಿಡಿಸಿ ನೋಡಿ, ಪಾತ್ರಗಳ ಹೆಸರು ಎಷ್ಟೇ ಬದಲಾದರೂ ಅವು ಮಾಡುವ ಕೆಲಸಗಳು ಬದಲಾಗುವುದಿಲ್ಲ ಎಂದರು. ಅಂಥ 31 ಕೆಲಸಗಳನ್ನು ಗುರುತಿಸಿದರು. ಅವನ್ನು ಮಾಡುವ ಪಾತ್ರಗಳನ್ನು ಏಳು ಬಗೆಗೆ ಇಳಿಸಿದರು. ನಾಯಕ, ಖಳ, ಸಹಾಯಕ, ಕಾಣಿಕೆ ಕೊಡುವವ, ಕಳುಹಿಸುವವ, ರಾಜಕುಮಾರಿ (ಅವಳ ತಂದೆಯೂ ಸೇರಿ), ಹುಸಿ ನಾಯಕ.

ನಮ್ಮ ತರಗತಿಯ ಹುಡುಗರಿಗೆ ಇದನ್ನು ಹೇಳಿದರೆ ಕೂಡಲೇ 'ಎರ್ತುಗ್ರುಲ್' ಎಂದರು. ಟರ್ಕಿಯ ಟಿಆರ್‌ಟಿ 1 ಚಾನೆಲ್‌ನಲ್ಲಿ 2014ರಿಂದ 2019ರವರೆಗೆ ಐದು ಸೀಸನ್ ಬಂದ ಆ ಧಾರಾವಾಹಿಯನ್ನು ಉರ್ದು ಡಬ್ಬಿಂಗ್‌ನಲ್ಲಿ ನೋಡದ ಮನೆ ನಮ್ಮ ಬೀದಿಯಲ್ಲಿ ಕಡಿಮೆ. ಪ್ರಾಪ್ ಅಲ್ಲಿ ಸಲೀಸಾಗಿ ಕೂರುತ್ತಾರೆ. ಎರ್ತುಗ್ರುಲ್ ನಾಯಕ. ತುರ್ಗುತ್, ಬಾಮ್ಸಿ, ದೋಗಾನ್ ಸಹಾಯಕರು. ಹಲೀಮಾ ಸುಲ್ತಾನ್ ನಿಜಕ್ಕೂ ರಾಜಮನೆತನದ ಹುಡುಗಿ. ದಾರಿ ತಪ್ಪಿದಾಗ ಬಂದು ದುಆ ಮತ್ತು ಧೈರ್ಯ ಕೊಡುವ ಇಬ್ನ್ ಅರಬಿ, ಕಾಣಿಕೆ ಕೊಡುವವರ ಜಾಗದಲ್ಲಿ. ಒಳಗಿದ್ದುಕೊಂಡೇ ನಾಯಕತ್ವಕ್ಕೆ ಹೊಂಚುಹಾಕುವ ಕುರ್ದೋಗ್ಲು ಹುಸಿ ನಾಯಕ. ಐದು ನಿಮಿಷದಲ್ಲಿ ಪಟ್ಟಿ ತುಂಬಿತು. ಹುಡುಗರಿಗೆ ಖುಷಿಯಾಯಿತು.

ಆದರೆ ಸಿದ್ಧಾಂತ ಇಷ್ಟು ಸುಲಭವಾಗಿ ಕೂಡಿದರೆ ಅದರಿಂದ ಹೊಸದೇನೂ ಸಿಗುವುದಿಲ್ಲ ಎಂದು ನನಗೆ ಅನಿಸುತ್ತದೆ. ಕೂಡದಿರುವ ಕಡೆಯಲ್ಲೇ ಅದರ ಲಾಭ. ಕಶಫ್‌ಳ ಕತೆಯಲ್ಲಿ ಖಳ ಯಾರು? ಖಳನೆಂದು ಬೊಟ್ಟು ಮಾಡಲು ಒಬ್ಬ ಇಲ್ಲ. ಅಪ್ಪ ಮುರ್ತಜಾ ಇದ್ದಾನೆ, ಅವನದೇ ತಪ್ಪು ಎಂದು ನಾಟಕ ನೇರವಾಗಿ ಹೇಳುತ್ತದೆ; ಆದರೆ ಅವನು ಸಂಚು ಮಾಡುವ ಖಳನಲ್ಲ, ಸಣ್ಣ ಮನಸ್ಸಿನ ಮನುಷ್ಯ, ಅಷ್ಟೆ. ಇನ್ನೊಂದು ಖಳ ಬಡತನ. ಮತ್ತೊಂದು ಕಶಫ್‌ಳ ಒಳಗಿನ ಕಹಿ. ಇಬ್ಬರನ್ನೂ ಓದಿಸಿದ ಅಬ್ರಾರ್ ಸರ್ ಇಲ್ಲಿ ಸಹಾಯಕ. ಮದುವೆಗೂ ಅವರೇ ಸೇತುವೆ.

ಈಗ ಪುಟ್ಟಕ್ಕನ ಮನೆಗೆ ಬನ್ನಿ. ಅಲ್ಲಿ ಖಳ ಯಾರೆಂದು ಕೇಳಿದರೆ ನಮ್ಮ ನಾನಿಯೂ ಹೇಳುತ್ತಾರೆ: ರಾಜೇಶ್ವರಿ. ಪಟ್ಟಿಯಲ್ಲಿ ಹೆಸರು ಬರೆದ ಮೇಲೆ ನನಗೆ ಕಸಿವಿಸಿಯಾಯಿತು. ಹೆಂಡತಿ ಮಕ್ಕಳನ್ನು ಬಿಟ್ಟುಹೋದವನು ಗೋಪಾಲಯ್ಯ. ಆದರೆ ಸಂಚು ಮಾಡುವುದು, ಹಲ್ಲು ಕಡಿಯುವುದು, ಹಿನ್ನೆಲೆ ಸಂಗೀತದ ಜೊತೆ ಕಣ್ಣು ಕೆಂಪಾಗಿಸುವುದೆಲ್ಲ ಎರಡನೇ ಹೆಂಡತಿಯ ಪಾಲಿಗೆ ಬಂದಿದೆ. ಅವನು ಪಾಪದವನಂತೆ ತಲೆ ತಗ್ಗಿಸಿ ನಿಂತರೆ ಸಾಕು, ನೋಡುವವರಿಗೆ ಕನಿಕರ. ತಪ್ಪು ಮಾಡಿದ್ದು ಗಂಡಸು, ಬೈಗುಳ ತಿನ್ನುವುದು ಹೆಂಗಸು. ಇದು ಈ ಒಂದು ಧಾರಾವಾಹಿಯ ದೋಷವಲ್ಲ. ನಾವು ನೋಡುವ ದೈನಂದಿನ ಧಾರಾವಾಹಿಗಳಲ್ಲಿ ಖಳನ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಎಣಿಸಿ ನೋಡಿ. ಅತ್ತೆ, ಸವತಿ, ನಾದಿನಿ, ಚಿಕ್ಕಮ್ಮ. ಪ್ರಾಪ್ ಪಟ್ಟಿ ಇಲ್ಲದೆ ನಾನು ಇದನ್ನು ಗಮನಿಸುತ್ತಿರಲಿಲ್ಲ.

ಫ್ರಾನ್ಸ್‌ನ ಮಾನವಶಾಸ್ತ್ರಜ್ಞ ಕ್ಲಾಡ್ ಲೆವಿ-ಸ್ಟ್ರಾಸ್ ಅವರ ಸೂತ್ರವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕತೆಗಳಿಗೆ ಅರ್ಥ ಬರುವುದು ವಿರುದ್ಧ ಜೋಡಿಗಳಿಂದ ಎಂಬುದು ಅವರ ಮಾತು. ಬಡವ–ಶ್ರೀಮಂತ, ಹಳ್ಳಿ–ಪಟ್ಟಣ, ಒಳಗೆ–ಹೊರಗೆ. ಕಶಫ್‌ಳ ನಾಟಕದಲ್ಲಿ ಒಂದು ಬದಿಗೆ ಕಶಫ್ ಮತ್ತು ರಾಫಿಯಾ. ಇನ್ನೊಂದು ಬದಿಗೆ ಜಾರೂನ್‌ನ ತಾಯಿ ಗಜಾಲಾ, ಸಹೋದರಿ ಸಾರಾ, ಅವನಿಗೆ ಮೊದಲು ಗೊತ್ತಾಗಿದ್ದ ಅಸ್ಮಾರಾ. ಎರಡೂ ಬದಿಯ ಹೆಂಗಸರು ಓದಿದವರೇ. ರಾಫಿಯಾಳೂ ದುಡಿಯುತ್ತಾಳೆ, ಗಜಾಲಾಳೂ ಹೊರಗೆ ದುಡಿಯುತ್ತಾಳೆ. ಆದರೆ ಬಡವಳು ದುಡಿದರೆ ತ್ಯಾಗ, ಸಿರಿವಂತೆ ದುಡಿದರೆ ಮನೆ ಮರೆತವಳು ಎಂಬ ಹಾಗೆ ನಾಟಕ ನಮ್ಮನ್ನು ಕರೆದೊಯ್ಯುತ್ತದೆ. ಸಾರಾಳ ಮದುವೆ ಮುರಿದುಬಿದ್ದಾಗ ತಪ್ಪಿನ ಭಾರ ಹೆಚ್ಚು ಅವಳ ತಲೆಗೇ. ಜಾರೂನ್ ತನ್ನ ಮನೆಯ ಹೆಂಗಸರ ಉಡುಪು, ಓಡಾಟದ ಮೇಲೆ ಮಾತಾಡುವುದು ಕಾಳಜಿಯಂತೆ ಕಾಣುತ್ತದೆ. ಈ ನಾಟಕ ನನಗೆ ಬಹಳ ಇಷ್ಟ. ಇಷ್ಟವಾದ್ದರಿಂದಲೇ ಮೊದಲ ಸಲ ನೋಡಿದಾಗ ಇದು ಕಣ್ಣಿಗೆ ಬೀಳಲಿಲ್ಲ. ಎರಡು ಕಾಲಂ ಹಾಕಿ ಹೆಸರು ಬರೆದಾಗ ಬಿತ್ತು.

ನಾಳೆ ಏನಾಗುತ್ತದೆ?

ರೋಲಾಂ ಬಾರ್ತ್ ಎಂಬ ಫ್ರೆಂಚ್ ಲೇಖಕರು 1970ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಬಾಲ್ಜಾಕ್‌ನ ಒಂದು ಕತೆಯನ್ನು ತುಂಡು ತುಂಡಾಗಿ ಬಿಡಿಸಿ, ಅದರಲ್ಲಿ ಐದು ಸಂಕೇತಗಳು ಕೆಲಸ ಮಾಡುತ್ತವೆ ಎಂದು ತೋರಿಸಿದರು. ಐದನ್ನೂ ವಿವರಿಸುವುದಿಲ್ಲ, ನನಗೆ ಬೇಕಾದದ್ದು ಒಂದು: ಒಗಟಿನ ಸಂಕೇತ. ಕತೆ ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ, ಉತ್ತರವನ್ನು ಮುಂದೂಡುತ್ತದೆ, ಅರ್ಧ ಉತ್ತರ ಕೊಡುತ್ತದೆ, ತಪ್ಪು ದಾರಿಗೆ ಎಳೆಯುತ್ತದೆ, ಕಡೆಗೆ ಬಿಡಿಸುತ್ತದೆ.

ಪುಟ್ಟಕ್ಕನ ಧಾರಾವಾಹಿಯ ಮೊದಲ ಭಾಗ ನಡೆದದ್ದೇ ಒಂದು ಒಗಟಿನ ಮೇಲೆ. ಸ್ನೇಹಾಗೆ ಕಂಠಿ ಎಂದರೆ ಆಗದು. ಆದರೆ ತನ್ನ ಮುಂದೆ ಬೇರೆ ಹೆಸರಿನಲ್ಲಿ ಒಳ್ಳೆಯವನಾಗಿ ಓಡಾಡುತ್ತಿರುವವನೇ ಕಂಠಿ ಎಂದು ಅವಳಿಗೆ ಗೊತ್ತಿಲ್ಲ. ನಮಗೆ ಗೊತ್ತು. ಹಾಗಾಗಿ ನಮ್ಮ ಪ್ರಶ್ನೆ "ಅವನು ಯಾರು?" ಎಂಬುದಲ್ಲ, "ಇವಳಿಗೆ ಯಾವಾಗ ಗೊತ್ತಾಗುತ್ತದೆ?" ಎಂಬುದು. ಈ ಎರಡನೇ ಬಗೆಯ ಪ್ರಶ್ನೆ ದೈನಂದಿನ ಧಾರಾವಾಹಿಗೆ ಚಿನ್ನದ ಮೊಟ್ಟೆ. ಯಾಕೆಂದರೆ ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಮುಗಿಯಿತು. ಎರಡನೆಯದನ್ನು ಎಷ್ಟು ತಿಂಗಳು ಬೇಕಾದರೂ ಎಳೆಯಬಹುದು. ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು ಎನ್ನುವಷ್ಟರಲ್ಲಿ ಮಿಕ್ಸಿ ಶಬ್ದ ಬರುತ್ತದೆ. ಕಂತಿನ ಕೊನೆಗೆ ಮೂರು ಜನರ ಮುಖವನ್ನು ಮೂರು ಮೂರು ಸಲ ತೋರಿಸಿ ನಿಲ್ಲಿಸುತ್ತಾರಲ್ಲ, ಅದು ಬಾರ್ತ್ ಹೇಳಿದ ಮುಂದೂಡಿಕೆಯೇ.

'ಜಿಂದಗಿ ಗುಲ್ಜಾರ್ ಹೈ'ಯಲ್ಲಿ ಇದೇ ಕೆಲಸವನ್ನು ಡೈರಿ ಮಾಡುತ್ತದೆ. ಕಶಫ್ ಬರೆಯುತ್ತಾಳೆ, ಜಾರೂನ್ ಬರೆಯುತ್ತಾನೆ. ಒಂದೇ ಘಟನೆ, ಎರಡು ಬರಹ. ಅವಳು ಅವನನ್ನು ಸೊಕ್ಕಿನವ ಎಂದುಕೊಂಡಿದ್ದಾಳೆ, ಅವನು ಅವಳನ್ನು ಸೊಕ್ಕಿನವಳು ಎಂದುಕೊಂಡಿದ್ದಾನೆ. ಇಬ್ಬರ ಡೈರಿಯನ್ನೂ ಓದಿದವರು ನಾವು ಮಾತ್ರ. ಮಿಕ್ಸಿ ಶಬ್ದಕ್ಕಿಂತ ಇದು ಒಳ್ಳೆಯ ಉಪಾಯ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕಾಯಿಸುವುದು ಗುಟ್ಟಲ್ಲ, ಇಬ್ಬರ ಸ್ವಭಾವ.

ಸರಕು ನಾವೇ

ಈಗ ಸರ್ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ 1930ರ ದಶಕದಲ್ಲಿ ರೇಡಿಯೊದಲ್ಲಿ ಹಗಲು ಹೊತ್ತು ಗೃಹಿಣಿಯರಿಗಾಗಿ ಕಂತು ಕಂತಾಗಿ ನಾಟಕಗಳು ಬರುತ್ತಿದ್ದವು. ದುಡ್ಡು ಹಾಕುತ್ತಿದ್ದವರು ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಂಥ ಸೋಪಿನ ಕಂಪನಿಗಳು. ಅದಕ್ಕೇ ಇಂಥ ನಾಟಕಗಳಿಗೆ 'ಸೋಪ್ ಒಪೆರಾ' ಎಂಬ ಹೆಸರು ಬಂತು. ಅಂದರೆ ಹುಟ್ಟಿನಿಂದಲೇ ಈ ಕತೆಗಳು ಸೋಪು ಮಾರಲು ಬಂದವು. ಕೆನಡಾದ ಡಲ್ಲಾಸ್ ಸ್ಮೈಥ್ ಎಂಬ ಅರ್ಥಶಾಸ್ತ್ರಜ್ಞರು 1977ರಲ್ಲಿ ಇದನ್ನು ಬಿಚ್ಚಿ ಹೇಳಿದರು: ಮಾಧ್ಯಮಗಳು ಉತ್ಪಾದಿಸುವ ಸರಕು ಕಾರ್ಯಕ್ರಮವಲ್ಲ, ಪ್ರೇಕ್ಷಕರು. ಚಾನೆಲ್ ನಮ್ಮ ಗಮನವನ್ನು ಜಾಹೀರಾತುದಾರರಿಗೆ ಮಾರುತ್ತದೆ. ಕಾರ್ಯಕ್ರಮ ನಮ್ಮನ್ನು ಅಂಗಡಿಗೆ ಕರೆತರುವ ಉಚಿತ ಊಟದಂತೆ. ಬಿರಿಯಾನಿ ವಾಸನೆಗೆ ಬಂದವರನ್ನು ಎಣಿಸಿ, ಇಷ್ಟು ಜನ ಬಂದಿದ್ದಾರೆ ಎಂದು ಪಕ್ಕದ ಅಂಗಡಿಯವನ ಹತ್ತಿರ ದುಡ್ಡು ತೆಗೆದುಕೊಂಡ ಹಾಗೆ.

ಎಣಿಸುವ ಕೆಲಸ ನಮ್ಮ ದೇಶದಲ್ಲಿ ಬಾರ್ಕ್ ಎಂಬ ಸಂಸ್ಥೆಯದು. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ವಾರಕ್ಕೊಮ್ಮೆ ರೇಟಿಂಗ್ ಕೊಡುತ್ತದೆ. ನಾವು ಇನ್ನೂ ಹಳೆಯ ಅಭ್ಯಾಸದಲ್ಲಿ ಟಿಆರ್‌ಪಿ ಎನ್ನುತ್ತೇವೆ. ನಿಯಮದ ಪ್ರಕಾರ ಒಂದು ಗಂಟೆಯಲ್ಲಿ ಜಾಹೀರಾತು 10 ನಿಮಿಷ, ಚಾನೆಲ್‌ನ ಸ್ವಂತ ಪ್ರಚಾರ 2 ನಿಮಿಷ ಮೀರಬಾರದು. ಒಟ್ಟು 12. ಅಂದರೆ ಅರ್ಧ ಗಂಟೆಯ ಧಾರಾವಾಹಿಗೆ ಉಳಿಯುವುದು ಸುಮಾರು 24 ನಿಮಿಷ, ಅದರಲ್ಲೂ ಹಿಂದಿನ ಕಂತಿನ ತುಣುಕು, ಶೀರ್ಷಿಕೆ ಗೀತೆ ಕಳೆದರೆ ಕತೆ ಇನ್ನೂ ಕಡಿಮೆ. ಆ ಕಡಿಮೆಯಲ್ಲೇ ಪ್ರತಿ ಬಿಡುವಿಗೂ ಮುಂಚೆ ಒಂದು ಸಣ್ಣ ಒಗಟು ಬೇಕು. ಇಲ್ಲದಿದ್ದರೆ ರಿಮೋಟ್ ಕೈಗೆ ಹೋಗುತ್ತದೆ. ಬಾರ್ತ್ ಮತ್ತು ಬಾರ್ಕ್ ಇಲ್ಲಿ ಕೈ ಕುಲುಕುತ್ತಾರೆ.

ಸ್ನೇಹಾ ಜಿಲ್ಲಾಧಿಕಾರಿ ಆದ ಮೇಲೂ ಕತೆ ಯಾಕೆ ಮುಗಿಯಲಿಲ್ಲ ಎಂಬುದಕ್ಕೂ ಉತ್ತರ ಇದೇ ಲೆಕ್ಕದಲ್ಲಿದೆ. ಹೊಸ ಧಾರಾವಾಹಿ ಎಂದರೆ ಹೊಸ ಸೆಟ್, ಹೊಸ ಪ್ರಚಾರ, ಹೊಸ ಮುಖಗಳನ್ನು ಜನರಿಗೆ ಪರಿಚಯಿಸುವ ಖರ್ಚು. ಇವೆಲ್ಲ ಸ್ಥಿರ ವೆಚ್ಚ. ಕಂತುಗಳ ಸಂಖ್ಯೆ ಹೆಚ್ಚಿದಷ್ಟೂ ಪ್ರತಿ ಕಂತಿನ ತಲೆಗೆ ಬೀಳುವ ಸ್ಥಿರ ವೆಚ್ಚ ಇಳಿಯುತ್ತದೆ. ಮೊದಲ ಪಿಯುಸಿಯಲ್ಲಿ ಗ್ರಾಫ್ ಬರೆದಿದ್ದೇವೆ, ನೆನಪಿರಬಹುದು. ಜನ ಒಗ್ಗಿಕೊಂಡ ಧಾರಾವಾಹಿಯನ್ನು ಮುಗಿಸುವುದು ಚೆನ್ನಾಗಿ ನಡೆಯುವ ಅಂಗಡಿಗೆ ಬೀಗ ಹಾಕಿದಂತೆ. ಆದ್ದರಿಂದ ಇಲ್ಲಿ ತೊಡೊರೊವ್ ಹೇಳಿದ ಕೊನೆಯ ಹೆಜ್ಜೆ ಬರುವ ಹಾಗೇ ಇಲ್ಲ. ಸಮತೋಲನ ಹತ್ತಿರ ಬಂದ ಕೂಡಲೇ ಮತ್ತೆ ಕದಡಬೇಕು.

2024ರಲ್ಲಿ ಸ್ನೇಹಾ ಪಾತ್ರಧಾರಿ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರಬಂದರು. ಕತೆಯಲ್ಲಿ ಸ್ನೇಹಾ ಅಪಘಾತದಲ್ಲಿ ಸತ್ತಳು. ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿದರು. ಆ ಹುಡುಗಿಯ ಹೆಸರೂ ಸ್ನೇಹಾ! ಮೀಮ್‌ಗಳು ಬಂದವು, ನಾವೂ ಕಾಲೇಜಿನಲ್ಲಿ ನಕ್ಕೆವು. ಆದರೆ ವ್ಯವಹಾರದ ಕಣ್ಣಿನಲ್ಲಿ ನೋಡಿದರೆ ಅದರಲ್ಲಿ ನಗುವಂಥದ್ದು ಕಡಿಮೆ. ಪಾಲುದಾರ ಹೊರಗೆ ಹೋದರೂ ಸಂಸ್ಥೆ ನಿಲ್ಲಬಾರದು, ಬೋರ್ಡಿನ ಮೇಲಿನ ಹೆಸರು ಅದೇ ಇರಬೇಕು, ಗಿರಾಕಿ ಬಿಟ್ಟುಹೋಗಬಾರದು. ಗುಡ್‌ವಿಲ್ ವರ್ಗಾವಣೆ, ಅಷ್ಟೆ. ನನಗೆ ನಗು ಬಾರದಿರುವುದಕ್ಕೆ ಇನ್ನೊಂದು ಕಾರಣವಿದೆ. ಆ ರಾತ್ರಿ ನಾನಿ ಊಟ ಮಾಡಲಿಲ್ಲ. "ಅಷ್ಟು ಕಷ್ಟಪಟ್ಟು ಓದಿದ ಹುಡುಗಿ" ಎಂದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವರು ಕೊಟ್ಟ ಗಮನಕ್ಕೆ ಬೆಲೆ ಕಟ್ಟಿ ಮಾರಿದವರ ಲೆಕ್ಕದಲ್ಲಿ ಈ ಕಣ್ಣೀರು ಯಾವ ಕಾಲಂನಲ್ಲಿ ಬರುತ್ತದೆ?

ಒಂದು ನಾಟಕ, ನಾಲ್ಕು ಓದು

ಸ್ಮೈಥ್ ಅವರ ಮಾತನ್ನೇ ಪೂರ್ತಿ ನಂಬಿದರೆ ನಾವು ಬರೀ ಕುರಿಮಂದೆ. ಆದರೆ ಹಾಗಲ್ಲ ಎಂದವರು ಸ್ಟುವರ್ಟ್ ಹಾಲ್. ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡಿದ ಅವರು 1973ರ ಒಂದು ಪ್ರಬಂಧದಲ್ಲಿ ಹೇಳಿದ್ದು ಇಷ್ಟು. ಕಾರ್ಯಕ್ರಮ ಮಾಡುವವರು ಅದರೊಳಗೆ ಒಂದು ಅರ್ಥವನ್ನು ಕಟ್ಟಿ ಕಳಿಸುತ್ತಾರೆ. ನೋಡುವವರು ತಮ್ಮ ಬದುಕಿನ ಆಧಾರದ ಮೇಲೆ ಗಂಟು ಬಿಚ್ಚುತ್ತಾರೆ. ಕೆಲವರು ಕಳಿಸಿದ ಅರ್ಥವನ್ನೇ ಒಪ್ಪುತ್ತಾರೆ. ಕೆಲವರು ಚೌಕಾಸಿ ಮಾಡಿ ಅರ್ಧ ಒಪ್ಪುತ್ತಾರೆ. ಕೆಲವರು ಪೂರ್ತಿ ಎದುರು ನಿಲ್ಲುತ್ತಾರೆ.

ನಮ್ಮ ಮನೆಯಲ್ಲಿ ಆಪಾಳ ಮಾತು ನಡೆದ ದಿನ ಇದೇ ಆಯಿತು. ಎಲ್ಲರೂ ಕಶಫ್‌ಳ ನಾಟಕ ನೋಡಿದವರು. ಫುಪ್ಪು (ಅಬ್ಬಾನ ತಂಗಿ) ಹೇಳಿದರು, "ಕಶಫ್ ಅಷ್ಟು ಓದಿ ಆಫೀಸರ್ ಆದಳು, ಆದರೆ ನೆಮ್ಮದಿ ಸಿಕ್ಕಿದ್ದು ಗಂಡನ ಮನೆಯಲ್ಲಿ ತಗ್ಗಿ ನಡೆದ ಮೇಲೆ. ಈ ಹುಡುಗಿ ಅದನ್ನು ಈಗಲೇ ಕಲಿಯಲಿ." ಇದು ನಾಟಕ ಕಟ್ಟಿ ಕಳಿಸಿದ ಅರ್ಥದ ಒಂದು ಭಾಗ, ಸುಳ್ಳು ಎನ್ನಲಾರೆ. ಆಪಾ ಹೇಳಿದ್ದು, "ಫುಪ್ಪು, ಅವಳು ಮದುವೆಗೆ ಮುಂಚೆ ಕೆಲಸ ಹಿಡಿದಿದ್ದಳು. ಅದನ್ನು ಬಿಟ್ಟು ಹೇಳಬೇಡಿ." ಅವಳು ಮದುವೆ ಬೇಡ ಎನ್ನಲಿಲ್ಲ, ಅನುಕ್ರಮದ ಬಗ್ಗೆ ಚೌಕಾಸಿ ಮಾಡಿದಳು. ಹಾಲ್ ಹೇಳುವ ನಡುವಿನ ಓದು. ಅಮ್ಮಿ ಅಷ್ಟು ಹೊತ್ತು ಸುಮ್ಮನಿದ್ದವರು, ಕಶಫ್ ಮಾತನ್ನೇ ಎತ್ತಲಿಲ್ಲ. "ರಾಫಿಯಾ ಕೈಯಲ್ಲಿ ಟೀಚರ್ ಕೆಲಸ ಇತ್ತು, ಅದಕ್ಕೆ ಮೂರು ಮಕ್ಕಳ ಹೊಟ್ಟೆ ತುಂಬಿತು. ನನಗೆ ಏನಿದೆ?" ಎಂದರು. ನಾವೆಲ್ಲ ನಾಯಕಿಯನ್ನು ನೋಡುತ್ತಿದ್ದಾಗ ಅಮ್ಮಿ ಅಷ್ಟು ದಿನ ತಾಯಿಯ ಪಾತ್ರವನ್ನು ನೋಡುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ಅಬ್ಬಾ ಏನೂ ಹೇಳದೆ ಎದ್ದು ನಮಾಜಿಗೆ ಹೋದರು.

ಆಪಾ ಈಗ ಬಿ.ಕಾಂ. ಓದುತ್ತಿದ್ದಾಳೆ. ನಾಟಕದಿಂದಲೇ ಹೀಗಾಯಿತು ಎಂದು ನಾನು ಬರೆಯುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕಿತು, ಕಾಲೇಜು ಬಸ್ ಮನೆ ಹತ್ತಿರ ಬರುತ್ತದೆ, ಅವೂ ಕಾರಣ. ಆದರೆ ಅಮ್ಮಿಗೆ ತಮ್ಮ ಮಾತನ್ನು ಹೇಳಲು ಒಂದು ದಾರಿ ಬೇಕಿತ್ತು, ರಾಫಿಯಾ ಅದನ್ನು ಕೊಟ್ಟಳು.

ಮಾಡಿದವರ ಉದ್ದೇಶ ಒಂದು, ನೋಡಿದವರ ಓದು ಇನ್ನೊಂದು ಎಂಬುದಕ್ಕೆ ನಮ್ಮ ದೇಶದಲ್ಲೇ ಹೆಸರಾದ ಉದಾಹರಣೆ ಇದೆ. 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ. 156 ಕಂತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಮಾತಾಡುತ್ತಿದ್ದರು. ಕುಟುಂಬ ಯೋಜನೆ, ಹೆಣ್ಣಿನ ಸ್ಥಾನಮಾನ ಮುಂತಾದ ವಿಷಯಗಳನ್ನು ಮನರಂಜನೆಯ ಜೊತೆ ಕಲಿಸಬೇಕು ಎಂಬುದು ಅದರ ಹಿಂದಿನ ಯೋಚನೆ. ಮಾದರಿ ಬಂದದ್ದು ಮೆಕ್ಸಿಕೊದ ಮಿಗೆಲ್ ಸಬಿದೊ ಎಂಬುವರಿಂದ. ಅವರ ಸೂತ್ರದಲ್ಲಿ ಮೂರು ಬಗೆಯ ಪಾತ್ರಗಳು: ಅನುಸರಿಸಬೇಕಾದವರು, ಅನುಸರಿಸಬಾರದವರು, ನಡುವೆ ತೂಗಾಡಿ ಕೊನೆಗೆ ಬದಲಾಗುವವರು. ಭಾಗವಂತಿ ಎಂಬ ತಾಯಿಯ ಪಾತ್ರವನ್ನು ಎರಡನೇ ಬಗೆಯಲ್ಲಿ ಇಟ್ಟಿದ್ದರು. ಎಲ್ಲವನ್ನೂ ನುಂಗಿಕೊಂಡು ಬೈಸಿಕೊಳ್ಳುವ ಹೆಂಡತಿ. ಅವಳನ್ನು ನೋಡಿ ಜನ ಹೀಗಿರಬಾರದು ಎಂದುಕೊಳ್ಳಲಿ ಎಂದು. ಆಮೇಲೆ ಸಂಶೋಧಕರು ಪ್ರೇಕ್ಷಕರನ್ನು ಮಾತಾಡಿಸಿದಾಗ, ಹಲವರು ಭಾಗವಂತಿಯನ್ನೇ ಆದರ್ಶ ಹೆಣ್ಣು ಎಂದರಂತೆ!

ಇನ್ನೊಂದು ಮಾತು ಹೇಳದೆ ಬಿಡಲಾರೆ. ಅಮೆರಿಕದ ಜಾರ್ಜ್ ಗರ್ಬ್ನರ್ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಟಿವಿಯನ್ನು ಅಭ್ಯಾಸ ಮಾಡಿ, ಬಹಳ ಹೊತ್ತು ನೋಡುವವರಿಗೆ ಲೋಕವೇ ಟಿವಿಯ ಹಾಗೆ ಕಾಣತೊಡಗುತ್ತದೆ ಎಂದರು. ತೆರೆಯ ಮೇಲೆ ಕಾಣದೇ ಇರುವುದೂ ಒಂದು ಬಗೆಯ ಅಳಿಸುವಿಕೆ ಎಂದೂ ಹೇಳಿದರು. ನಮ್ಮ ಅಮ್ಮಿ ಕನ್ನಡವನ್ನು ಅರ್ಧ ಕಲಿತದ್ದು ತರಕಾರಿ ಮಾರುವವರಿಂದ, ಅರ್ಧ ಧಾರಾವಾಹಿಗಳಿಂದ. ಪುಟ್ಟಕ್ಕನ ಅಡುಗೆಮನೆ ಅವರಿಗೆ ತಮ್ಮದೇ ಅಡುಗೆಮನೆಯಷ್ಟು ಗೊತ್ತು. ಆದರೆ ನಮ್ಮ ಮನೆಯಲ್ಲಿ ನೋಡಿದ ಕನ್ನಡ ಧಾರಾವಾಹಿಗಳಲ್ಲಿ ನಮ್ಮಂಥ ಅಡುಗೆಮನೆಯೊಂದು ಕತೆಯ ನಡುವೆ ಬಂದದ್ದು ನನಗೆ ನೆನಪಿಲ್ಲ. ಇದ್ದರೆ ಒಬ್ಬ ಒಳ್ಳೆಯ ಚಾಚಾ, ಒಂದು ಹಬ್ಬದ ದಿನ, ಅಷ್ಟೆ. ದೂರು ಎಂದು ಬರೆಯುತ್ತಿಲ್ಲ. ಅಮ್ಮಿ ಪುಟ್ಟಕ್ಕನಿಗಾಗಿ ಅತ್ತಿದ್ದಾರೆ. ಯಾರಾದರೂ ಕನ್ನಡದಲ್ಲಿ ಒಬ್ಬ ರಾಫಿಯಾಳನ್ನು ಬರೆದರೆ ಪುಟ್ಟಕ್ಕನ ಊರಿನವರೂ ಅಳುತ್ತಾರೆ ಎಂದು ನನ್ನ ನಂಬಿಕೆ. ಬರೆಯುವವರು ನಮ್ಮ ಕಾಲೇಜಿನಿಂದಲೇ ಬಂದರೆ ಇನ್ನೂ ಒಳ್ಳೆಯದು.

ಪ್ರಯೋಗ ಮಾಡುವವರಿಗೆ ಒಂದು ಸಲಹೆ. ನಿಮ್ಮ ಮನೆಯಲ್ಲಿ ನೋಡುವ ಧಾರಾವಾಹಿಯ ಒಂದೇ ಒಂದು ಕಂತನ್ನು ನೋಟ್‌ಬುಕ್ ಹಿಡಿದು ನೋಡಿ. ಖಳನ ಜಾಗದಲ್ಲಿ ಯಾರಿದ್ದಾರೆ, ನಿಜವಾದ ತಪ್ಪು ಯಾರದು. ಬಿಡುವಿಗೆ ಮುಂಚಿನ ಒಗಟು ಏನು, ಬಿಡುವಿನಲ್ಲಿ ಬಂದ ಜಾಹೀರಾತು ಯಾವುದರದು, ಅದು ಯಾರಿಗೆ ಮಾರುತ್ತಿದೆ. ಪಕ್ಕದಲ್ಲಿ ಕೂತವರು ಯಾವ ಪಾತ್ರವನ್ನು ನೋಡುತ್ತಿದ್ದಾರೆ. ಕೊನೆಯದನ್ನು ಕೇಳಿಯೇ ತಿಳಿಯಬೇಕು, ಊಹಿಸಬೇಡಿ.

ನಮ್ಮ ಅಧ್ಯಾಪಕರು ಮತ್ತು ಕಚೇರಿ ಸಿಬ್ಬಂದಿಯಲ್ಲಿ 'ಹಮ್ ಲೋಗ್' ನೋಡಿದವರು ಖಂಡಿತ ಇದ್ದೀರಿ. ನಿಮ್ಮ ಮನೆಯಲ್ಲಿ ಆಗ ಭಾಗವಂತಿಯ ಬಗ್ಗೆ ಏನು ಹೇಳುತ್ತಿದ್ದರು, ಮುಖ್ಯವಾಗಿ ನಿಮ್ಮ ಅಮ್ಮ ಏನು ಹೇಳುತ್ತಿದ್ದರು ಎಂದು ನಾಲ್ಕು ಸಾಲು ಬರೆದು ಗ್ರಂಥಾಲಯದ ಮೇಡಂ ಹತ್ತಿರ ಕೊಟ್ಟರೆ ಮುಂದಿನ ಸಂಚಿಕೆಗೆ ನಾನೇ ಸಂಗ್ರಹಿಸಿ ಬರೆಯುತ್ತೇನೆ.